ಬೆನ್ನು ಮಾತ್ರ ಕಂಡ ಬಿಲ್ಲುಗಾರ್ತಿ

ಕೊಲ್ಹಾಪುರ
9 ಜೂನ್ 2024

ನೂತನಕ್ಕನಿಗೆ,

ಹೋದ ವಾರ ಫೋನ್ ಮಾಡಿದಾಗ ನೀನು "ಕೇಳೋದ ಏನೈತಿ, ಬರದ ಕಳಸ. ಓದಿ ಹೇಳ್ತೇನಿ" ಅಂದು ಇಟ್ಟುಬಿಟ್ಟೆ. ಆರು ವರ್ಷದ ಮೇಲೆ ಮಾತಾಡಿದ್ದು, ಅದೂ ಇಷ್ಟೇ. ಇರಲಿ, ಬರೆಯುವುದೂ ಒಳ್ಳೆಯದೇ. ನಮ್ಮ ಸ್ಟುಡಿಯೋದಲ್ಲಿ ಕನ್ನಡ ಓದುವವರು ಯಾರೂ ಇಲ್ಲ.

ನಾನೀಗ ರಾಜಾರಾಮಪುರಿಯ ಒಂದು ಸ್ಟುಡಿಯೋದಲ್ಲಿದ್ದೇನೆ. ವಿದೇಶದ ಕಂಪನಿಗಳು ಮಾಡುವ ವಿಡಿಯೋ ಗೇಮ್‌ಗಳಿಗೆ ನಾವು ಚಿತ್ರ ಬರೆದುಕೊಡುತ್ತೇವೆ. ಈ ಸಲ ಬಂದಿರುವುದು ಒಬ್ಬ ಕಾಡಿನ ರಾಣಿಯ ಚಿತ್ರ. ಅವಳು ಬಿಲ್ಲುಗಾರ್ತಿ. ಆಟದ ಜಾಹೀರಾತಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವಳು ಅವಳೇ.

ಮಾದರಿಗೆಂದು ಬೇರೆ ಗೇಮ್‌ಗಳ ಚಿತ್ರಗಳನ್ನು ಕೊಟ್ಟಿದ್ದಾರೆ. ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಬ್ಬಳು ಹೆದೆಯನ್ನು ಎದೆಯ ತನಕ ಮಾತ್ರ ಎಳೆದಿದ್ದಾಳೆ, ಬಿಲ್ಲು ಒಂದಿಷ್ಟೂ ಬಾಗಿಲ್ಲ. ಇನ್ನೊಬ್ಬಳ ಬಿಲ್ಲಿನ ಎರಡೂ ತುದಿಗೆ ಮುಳ್ಳುಗಳಿವೆ. ಬಾಣ ಬಿಟ್ಟರೆ ಮೊದಲು ಅವಳ ತೊಡೆಯೇ ಸೀಳಬೇಕು. ಮತ್ತೊಬ್ಬಳಿಗೆ ಹೆದೆಯ ಪೆಟ್ಟು ತಡೆಯುವ ಮುಂಗೈ ಪಟ್ಟಿ ಬಿಲ್ಲು ಹಿಡಿಯದ ಕೈಯಲ್ಲಿದೆ. ನಾನು ಇದನ್ನೆಲ್ಲ ನಮ್ಮ ಮುಖ್ಯಸ್ಥ ಸ್ವಪ್ನಿಲರಿಗೆ ಹೇಳಿದೆ. ಅವರು, "ನಿನಗೆ ಬಿಲ್ಲು ಬರುತ್ತದಲ್ಲ, ಸರಿಯಾದದ್ದನ್ನು ನೀನೇ ಬರೆದು ತೋರಿಸು. ಆಗದಿದ್ದರೆ ಧೀರಜನಿಗೆ ಕೊಡುತ್ತೇನೆ" ಎಂದರು. ಧೀರಜ ನನ್ನ ಪಕ್ಕದ ಮೇಜಿನವನು. ಚೆನ್ನಾಗಿ ಬರೆಯುತ್ತಾನೆ, ಆದರೆ ಮುಳ್ಳಿನ ಬಿಲ್ಲು ಅವನಿಗೆ ಬಲು ಇಷ್ಟ.

ನಾನು ಬರೆಯಬೇಕೆಂದಿರುವುದು ನಿನ್ನನ್ನು. ನಾನು ಕಂಡವರಲ್ಲಿ ನಿನ್ನ ಹಾಗೆ ಬಿಲ್ಲು ಎಳೆಯುವವರು ಇಲ್ಲ. ಒಂದು ದಿನ ಕೊಲ್ಹಾಪುರಕ್ಕೆ ಬಾ. ಬಿಲ್ಲು ಎಳೆದು ನಿಂತರೆ ಸಾಕು, ಎಲ್ಲ ಕಡೆಯಿಂದ ಫೋಟೋ ತೆಗೆದುಕೊಳ್ಳುತ್ತೇವೆ.

ಕಂಪನಿಯ ಚಿತ್ರ ಹೊರಗೆ ಕಳಿಸುವುದಿಲ್ಲ ಎಂದು ಸಹಿ ಮಾಡಿದ್ದೇನೆ. ಅದಕ್ಕೇ ಒಂದು ಕೈಯನ್ನಷ್ಟೇ ಪೆನ್ಸಿಲಿನಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ಎಲ್ಲಿ ತಪ್ಪಿದೆ ಹೇಳು.

ನಿನ್ನ ಮನಾಲಿ

*

ಗಡಹಿಂಗ್ಲಜ
20 ಜೂನ್ 2024

ಮನಾಲಿ,

ಕೈ ನೋಡಿದೆ. ಚಿತ್ರ ಚೆಂದ, ಬೆರಳು ತಪ್ಪು. ನೀನು ಹೆದೆಯನ್ನು ಬೆರಳ ತುದಿಯಲ್ಲಿ ಕೂರಿಸಿದ್ದೀಯ. ತುದಿಯಲ್ಲಿ ಹಿಡಿದರೆ ಜಾರುತ್ತದೆ, ಇಲ್ಲವೇ ಹೆದರಿ ಬಿಗಿ ಹಿಡಿಯುತ್ತೇವೆ. ತೋರುಬೆರಳು ಬಾಣದ ಮೇಲೆ, ನಡುಬೆರಳು ಉಂಗುರಬೆರಳು ಬಾಣದ ಕೆಳಗೆ. ಹೆದೆ ಮೊದಲ ಗೆಣ್ಣಿನ ಗೆರೆಯಲ್ಲಿ ಕೂರಬೇಕು. ಅಲ್ಲಿ ಕೂತಾಗ ಒಂದು ಸಣ್ಣ ಭಾರ ಗೊತ್ತಾಗುತ್ತದೆ, ಬಾಗಿಲ ಚಿಲಕಕ್ಕೆ ಬೆರಳು ಸಿಕ್ಕಿಸಿದ ಹಾಗೆ. ಹೆಚ್ಚು ಭಾರ ನಡುಬೆರಳಿಗೆ. ಬಿಡುವಾಗ ಬೆರಳು ಬಿಚ್ಚಬಾರದು. ಹಿಡಿದದ್ದನ್ನು ಮರೆಯಬೇಕು ಅಷ್ಟೇ. ಇದು ನಿನಗೂ ಗೊತ್ತು, ಮರೆತಿದ್ದೀಯ.

ಬಿಲ್ಲು ಹಿಡಿಯುವ ಕೈಯನ್ನೂ ಮುಷ್ಟಿ ಮಾಡಬೇಡ. ಹೆಬ್ಬೆರಳ ಬುಡ ಬಿಲ್ಲನ್ನು ದೂಡುತ್ತದೆ, ಉಳಿದ ಬೆರಳು ಸುಮ್ಮನಿರುತ್ತವೆ.

ನಿನ್ನ ಪತ್ರ ಓದಿ ಇಚಲಕರಂಜಿಯ ಆ ನೂಲಿಗೆ ಗಂಜಿ ಹಾಕುವ ಸೈಜಿಂಗ್ ಕಾರ್ಖಾನೆಯ ಹಿಂದಿನ ಬಯಲು ಕಣ್ಣ ಮುಂದೆ ಬಂತು. ಗುರಿ ಹಲಗೆಗೆ ದುಡ್ಡಿಲ್ಲವೆಂದು, ನಮಗೆ ಬಿಲ್ಲು ಕಲಿಸುತ್ತಿದ್ದ ಭಾವುಸಾಹೇಬ ಸರ್ ಮಗ್ಗದವರ ಬಳಿ ಹೋಗಿ ನೂಲಿನ ಚಿಂದಿ ಬೇಡಿ ತಂದು ಗೋಣಿಚೀಲಕ್ಕೆ ಗಿಡಿದು ತುಂಬುತ್ತಿದ್ದರು. ಬಾಣ ಕಿತ್ತರೆ ಅದರ ತುದಿಗೆ ಕೆಂಪು ಹಸಿರು ಎಳೆಗಳು ಬರುತ್ತಿದ್ದವು. ಯಾವ ಮಗ್ಗದಲ್ಲಿ ಆ ವಾರ ಯಾವ ಬಣ್ಣದ ಸೀರೆ ನಡೆದಿದೆ ಅಂತ ಬಾಣ ನೋಡಿಯೇ ಹೇಳುತ್ತಿದ್ದೆವು. ನಿನ್ನ ಅಜ್ಜಿ ಚಂಪಾಬಾಯಿ ಆಯಿ ಒಂದು ದಿನ ಬಸದಿಯಿಂದ ಬರುತ್ತ ನಮ್ಮನ್ನು ಕಂಡು, "ಯಾರನ್ನ ಕೊಲ್ಲಾಕ ಕಲ್ಯಾಕತ್ತೀರಿ?" ಅಂದಿದ್ದರು. ಸರ್ ಕೈ ಮುಗಿದು, "ಕಾಗದ ಐತ್ರಿ ಆಯಿ, ಜೀವ ಇಲ್ಲ" ಅಂದರು. ಆಯಿ ಬಗ್ಗಿ ಗೋಣಿಯನ್ನು ಪರೀಕ್ಷೆ ಮಾಡಿಯೇ ಮುಂದೆ ಹೋದದ್ದು.

ಇಲ್ಲಿ ಈಗ ಬಿತ್ತನೆ. ಕೊಲ್ಹಾಪುರಕ್ಕೆ ಬರಲಾಗದು. ಕೇಳುವುದಿದ್ದರೆ ಬರೆ.

ನೂತನ

*

ಕೊಲ್ಹಾಪುರ
3 ಜುಲೈ 2024

ನೂತನಕ್ಕ,

ಬೆರಳು ತಿದ್ದಿದೆ. ಹೆದೆ ಗೆರೆಯಲ್ಲಿ ಕೂತ ಕೂಡಲೇ ಇಡೀ ಕೈಗೆ ಜೀವ ಬಂತು. ಸ್ವಪ್ನಿಲ ಹತ್ತಿರ ಬಂದು ನೋಡಿ, "ಇದು ಏನೋ ಬೇರೆ ಇದೆ" ಎಂದರು.

ಆದರೆ ನಿನ್ನ ಅಕ್ಷರಕ್ಕೆ ಏನಾಗಿದೆ? ಶಾಲೆಯಲ್ಲಿ ಫಲಕ ಬರೆಯಲು ನಿನ್ನನ್ನೇ ಕರೆಯುತ್ತಿದ್ದರು. ಈಗ ಕೋಳಿ ಕೆದರಿದ ಹಾಗಿದೆ. ಒಲೆಯ ಮುಂದೆ ಕೂತು ಬರೆಯುತ್ತೀಯೋ, ಎತ್ತಿನ ಗಾಡಿಯಲ್ಲೋ?

ಈಗ ಮುಖ್ಯ ತೊಂದರೆ. ಹೆದೆಯನ್ನು ಗದ್ದಕ್ಕೆ ತಂದು ನಿಲ್ಲಿಸಿದೆ. ಮೂಗಿನ ತುದಿಗೂ ತಾಗಿಸಿದೆ. ಧೀರಜ ನೋಡಿ ಹೌಹಾರಿದ. "ಅಗ, ರಾಣಿಚಾ ಚೇಹರಾಚ ಕಾಪಲಾಸ ಕೀ!" ರಾಣಿಯ ಮುಖವನ್ನೇ ಕತ್ತರಿಸಿದೆಯಲ್ಲ ಅಂತ. ಅವನ ಮಾತಿನಲ್ಲೂ ನಿಜವಿದೆ. ನಮ್ಮ ಚಿತ್ರ ಮಾರಾಟವಾಗುವುದು ಮುಖದ ಮೇಲೆ. ಹೆದೆ ತುಟಿ ಒತ್ತಿದರೆ ಯಾವ ರಾಣಿಯೂ ಚೆಂದ ಕಾಣುವುದಿಲ್ಲ. ನಿನ್ನ ಗದ್ದದ ನಡುವೆ ಒಂದು ಕಪ್ಪು ಗೆರೆ ಇರುತ್ತಿತ್ತಲ್ಲ, ನೆನಪಿದೆಯೇ? ನಿಮ್ಮವ್ವ, "ಗದ್ದಕ್ಕ ದಾರ ಕಟ್ಟಿದಂಗ ಕಾಣ್ತಾಳ, ಯಾರ್ ಮಾಡ್ಕೋತಾರ ಈಕಿನ್ನ" ಅಂತ ಅರಿಸಿನ ಹಚ್ಚಿ ತಿಕ್ಕುತ್ತಿದ್ದರು.

ನಿನ್ನ ಮುಖವನ್ನೇ ಬರೆಯೋಣವೆಂದು ಕೂತೆ. ಬರೆಯಲಾಗಲಿಲ್ಲ. ಯಾಕೆಂದು ಯೋಚಿಸಿದಾಗ ಹೊಳೆಯಿತು. ಬಿಲ್ಲು ಎಳೆದಾಗಿನ ನಿನ್ನ ಮುಖವನ್ನು ನಾನು ನೋಡಿಯೇ ಇಲ್ಲ. ನಾವಿಬ್ಬರೂ ಬಲಗೈಯವರು. ಸಾಲಿನಲ್ಲಿ ಎಲ್ಲರೂ ಎಡ ಭುಜವನ್ನು ಗುರಿಯ ಕಡೆ ಮಾಡಿ ಒಂದೇ ದಿಕ್ಕಿಗೆ ಮುಖ ಹಾಕಿ ನಿಲ್ಲುತ್ತಿದ್ದೆವು. ಸರ್ ಯಾವಾಗಲೂ ನಿನ್ನನ್ನು ನನ್ನ ಮುಂದೆ ನಿಲ್ಲಿಸುತ್ತಿದ್ದರು. ನನಗೆ ಕಂಡದ್ದು ನಿನ್ನ ಬೆನ್ನು. ಮೊದಲು ಕುತ್ತಿಗೆ ತಿರುಗುವುದು, ಆಮೇಲೆ ಕೈ ಏಳುವುದು, ಕೊನೆಗೆ ಬಲ ಹೆಗಲ ಹಿಂದಿನ ಎಲುಬು ನಿಧಾನವಾಗಿ ಬೆನ್ನಹುರಿಯ ಕಡೆ ಸರಿಯುವುದು. ಅದನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಮುಖ ಗೊತ್ತಿಲ್ಲ.

ಆದ್ದರಿಂದ ನೀನು ಬರಲೇಬೇಕು. ಮುಂದಿನಿಂದ ಒಂದು ಫೋಟೋ ಬೇಕು.

ಮನಾಲಿ

*

ಗಡಹಿಂಗ್ಲಜ
16 ಜುಲೈ 2024

ಮನಾಲಿ,

ಮುಂದಿನಿಂದ ಫೋಟೋ ಎನ್ನುತ್ತೀಯಲ್ಲ, ಸರ್ ಇದ್ದಿದ್ದರೆ ನಿನಗೆ ಮೈದಾನದ ಸುತ್ತ ಓಟ ಹಾಕಿಸುತ್ತಿದ್ದರು. "ಹೆದಿ ಎಳದ ಮ್ಯಾಲ ಬಿಲ್ಲಿನ ಮುಂದ ಇರಬೇಕಾದ್ದು ಒಂದ, ಗುರಿ. ಎರಡನೇದ್ದು ಇದ್ರ ಅದು ಹುಚ್ಚ." ಒಮ್ಮೆ ಪೇಪರಿನ ವರದಿಗಾರ ಒಬ್ಬ ಕ್ಯಾಮೆರಾ ಹಿಡಿದು ನಮ್ಮ ಮುಂದೆ ಬಂದು ಕೂತಿದ್ದ, ಬಾಣ ತನ್ನ ಕಡೆಗೇ ಬರುವ ಹಾಗೆ ಬೇಕು ಅಂತ. ಸರ್ ಅವನ ಕಾಲರ್ ಹಿಡಿದು ಎಬ್ಬಿಸಿದರು. "ನಿಮ್ಮ ಪೇಪರ್‌ದಾಗ ನಾಳೆ ನಿಮ್ಮದ ಫೋಟೋ ಬರತೈತ್ರಿ, ಕಪ್ಪ ಚೌಕಟ್ಟಿನ್ಯಾಗ." ಆ ಸುದ್ದಿ ಕೊನೆಗೂ ಅಚ್ಚಾಗಲಿಲ್ಲ.

ನಿನ್ನ ಗೇಮಿನವರು ಬಿಲ್ಲುಗಾರರನ್ನು ಯಾವಾಗಲೂ ಮುಂದಿನಿಂದಲೇ ಬರೆಯುತ್ತಾರೆ ಎಂದರೆ, ಅವರು ಬಿಲ್ಲಿನ ಜೊತೆ ಎಂದೂ ನಿಂತವರಲ್ಲ.

ನೀನು ನನ್ನ ಬೆನ್ನು ನೋಡಿದೆ. ನಾನು ನಿನ್ನನ್ನು ನೋಡಲೇ ಇಲ್ಲ. ಕೇಳಿದೆ. ನಿನ್ನ ಮೊಣಕೈ ಸರಿಯಾಗಿ ತಿರುಗುತ್ತಿರಲಿಲ್ಲ, ಹೆದೆ ಮುಂಗೈ ಪಟ್ಟಿಗೆ ಬಡಿದು ಪಟ್ ಎನ್ನುತ್ತಿತ್ತು. ಪಟ್ ಅಂದರೆ ಬಾಣ ಎಡಕ್ಕೆ. ಪಟ್ ಅನ್ನದಿದ್ದರೆ ಗುರಿಯ ನಡುವಿನ ಹಳದಿಗೆ. ನಾನು ತಿರುಗದೆಯೇ "ಎಡಕ್ಕ ಹೋತಲ್ಲ?" ಅನ್ನುತ್ತಿದ್ದೆ. ನೀನು ನನಗೆ ಬೆನ್ನಲ್ಲಿ ಕಣ್ಣಿದೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ.

ಈಗಲೂ ಇಲ್ಲಿ ಸಂಜೆ ಹಿರಣ್ಯಕೇಶಿ ಹೊಳೆಯ ಕಡೆಯಿಂದ ಗಾಳಿ ಬರುತ್ತದೆ. ಅಂಥ ಗಾಳಿಗೆ ಬಾಣವನ್ನು ಬಲಕ್ಕೆ ಒಂದು ಕೈಯಷ್ಟು ಹಿಡಿಯಬೇಕು. ಮನೆಯ ಹಿಂದಿನ ಕಬ್ಬಿನ ಬದುವಿಗೆ ನಿಂತರೆ ದೂರವೂ ಸರಿಯಾಗಿ ಸಿಗುತ್ತದೆ.

ಅಕ್ಷರದ ಬಗ್ಗೆ ಕೇಳಿದೆ. ಬರೆಯುವ ರೂಢಿ ತಪ್ಪಿದೆ.

ಬರಲು ಈಗ ಆಗುವುದಿಲ್ಲ, ಮಳೆ.

ನೂತನ

*

ಕೊಲ್ಹಾಪುರ
12 ಆಗಸ್ಟ್ 2024

ನೂತನಕ್ಕ,

ನಿನ್ನ ಪತ್ರ ಪಂಚಗಂಗಾ ಹೊಳೆಯ ಮಹಾಪೂರ ಇಳಿದ ಮೇಲೆ ಕೈಗೆ ಬಂತು. ಇಚಲಕರಂಜಿಯಲ್ಲಿ ನಮ್ಮ ಮನೆಗೆ ನೀರು ಬರಲಿಲ್ಲ. ಆಯಿಯನ್ನು ನೋಡಿ ಬಂದೆ. ಕಾಡಿನ ರಾಣಿಯ ಸಂಗತಿ ಹೇಳಿದೆ. "ಏನ್ ಹೊಡ್ಯಾಕತ್ತಾಳ ಆಕಿ? ಜಿಂಕಿ ಹೊಡದ್ರ ನೀ ಆ ಕೆಲಸ ಬಿಡ" ಎಂದಳು. "ಏನೂ ಹೊಡಿಯಂಗಿಲ್ಲ ಆಯಿ, ಬರೇ ನಿಂತಾಳ" ಎಂದೆ. "ಬರೇ ನಿಲ್ಲಾಕ ಅಷ್ಟ ದೊಡ್ಡ ಬಿಲ್ಲ್ಯಾಕ?" ಎಂದಳು. ಸ್ವಪ್ನಿಲರಿಗಿಂತ ಇವಳೇ ಕಠಿಣ.

ನೀನು ಈಗಲೂ ಸಂಜೆ ಬದುವಿನಲ್ಲಿ ನಿಂತು ಬಾಣ ಬಿಡುವುದನ್ನು ಓದಿ ತುಂಬಾ ಖುಷಿಯಾಯಿತು. ನಾನು ಕಾಲೇಜಿಗೆ ಬಂದ ಮೇಲೆ ಬಿಲ್ಲು ಮುಟ್ಟಿಲ್ಲ. ನಮ್ಮಿಬ್ಬರಲ್ಲಿ ಒಬ್ಬಳಾದರೂ ಬಿಟ್ಟಿಲ್ಲವಲ್ಲ.

ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರ್ ಮೊದಲ ವಾರ ಕರಡು ಚಿತ್ರ ವಿದೇಶಕ್ಕೆ ಹೋಗಬೇಕು. ಧೀರಜ ತನ್ನದೊಂದನ್ನು ಈಗಾಗಲೇ ಬರೆದಿಟ್ಟಿದ್ದಾನೆ. ಬತ್ತಳಿಕೆ ಬೆನ್ನ ಮೇಲೆ, ಕೂದಲು ಗಾಳಿಗೆ ಹಾರಿ ಹೆದೆಯ ಮೇಲೇ ಬಿದ್ದಿದೆ. ಸ್ವಪ್ನಿಲರಿಗೆ ಅದು ಹಿಡಿಸಿದೆ. ನನ್ನದಕ್ಕೆ ಹೆಗಲು ಕೈ ಎಲ್ಲ ಇದೆ, ಇಡೀ ಮೈ ಒಟ್ಟಿಗೆ ನಿಲ್ಲುತ್ತಿಲ್ಲ. ನಿನ್ನನ್ನು ಒಮ್ಮೆ ನೋಡಿದರೆ ನಿಲ್ಲುತ್ತದೆ.

ನೀನು ಬರಲಾಗದಿದ್ದರೆ ನಾನೇ ಎಸ್‌.ಟಿ. ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಬರುತ್ತೇನೆ. ಮನೆಯವರು ಏನಾದರೂ ಅನ್ನುತ್ತಾರೆಯೇ? ಯಜಮಾನರಿಗೆ ನಾನೇ ಫೋನ್ ಮಾಡಿ ಹೇಳಲೇ?

ಮನಾಲಿ

*

ಗಡಹಿಂಗ್ಲಜ
22 ಆಗಸ್ಟ್ 2024

ಮನಾಲಿ,

ಬರಬೇಡ. ದಶಲಕ್ಷಣ ಪರ್ವ ಬಂತು, ಅತ್ತೆಯವರ ಉಪವಾಸ, ಮನೆ ತುಂಬ ಜನ. ಇವರಿಗೆ ಫೋನ್ ಮಾಡುವುದೂ ಬೇಡ.

ಫೋಟೋ ಒಂದನ್ನು ಇಟ್ಟಿದ್ದೇನೆ. ಬದುವಿನಲ್ಲಿ ತೆಗೆದದ್ದು. ಮುಂದೆ ಯಾರೂ ನಿಲ್ಲುವಂತಿಲ್ಲವಾದ್ದರಿಂದ ಹಿಂದಿನಿಂದ ತೆಗೆಸಿದೆ. ನನ್ನ ಬೆನ್ನೇ ಪರಿಚಯ ಎಂದು ನೀನೇ ಬರೆದಿದ್ದೆ. ಚಿತ್ರ ಮುಗಿಸು.

ನೂತನ

*

ಕೊಲ್ಹಾಪುರ
29 ಆಗಸ್ಟ್ 2024

ನೂತನಕ್ಕ,

ಫೋಟೋದಲ್ಲಿರುವುದು ಯಾರು?

ಟ್ರ್ಯಾಕ್ ಪ್ಯಾಂಟು ನಿನ್ನದಿರಬಹುದು. ಜಡೆಯನ್ನೂ ನಿನ್ನ ಹಾಗೆ ಕಟ್ಟಿದ್ದಾಳೆ. ಬಿಲ್ಲನ್ನು ತೋಳಿನಿಂದ ಎಳೆದಿದ್ದಾಳೆ, ಬೆನ್ನಿನಿಂದಲ್ಲ. ಹೆಗಲೆರಡೂ ಕಿವಿಗೆ ಏರಿವೆ. ಮೈಭಾರ ಹಿಮ್ಮಡಿಯ ಮೇಲಿದೆ. ಸಾವಿರ ಜನರಲ್ಲಿ ನಿಲ್ಲಿಸಿದರೂ ನಾನು ಗುರುತಿಸುವ ಬೆನ್ನು ನಿನ್ನದೊಂದೇ. ಬರೀ ಕೈ ತೋರಿಸಿ ಮೋಸ ಮಾಡಿದ್ದರೆ ಬಹುಶಃ ಗೊತ್ತಾಗುತ್ತಿರಲಿಲ್ಲ.

ನನಗೆ ಅನ್ನಿಸುವುದು ಎರಡು. ಮನೆಯವರು ನಿನಗೆ ಬಿಲ್ಲು ಮುಟ್ಟಲು ಬಿಡುತ್ತಿಲ್ಲ, ಅದನ್ನು ಹೇಳಲು ನಾಚಿಕೆ. ಅಥವಾ ನನ್ನ ಕೆಲಸ ನಿನಗೆ ಮಕ್ಕಳಾಟ, ಯಾರನ್ನೋ ನಿಲ್ಲಿಸಿ ಕೈ ತೊಳೆದುಕೊಂಡೆ. ಮೊದಲನೆಯದಾದರೆ ಹೇಳಬಹುದಿತ್ತು. ಎರಡನೆಯದಾದರೆ ಜೂನ್‌ನಲ್ಲೇ ಹೇಳಬಹುದಿತ್ತು.

ನಾನು ಬರುವುದಿಲ್ಲ. ಚಿತ್ರವನ್ನು ನನಗೆ ನೆನಪಿರುವಷ್ಟರಲ್ಲೇ ಮುಗಿಸುತ್ತೇನೆ.

ಮನಾಲಿ

*

ಗಡಹಿಂಗ್ಲಜ
10 ನವೆಂಬರ್ 2024

ಮನಾಲಿ,

ದೀಪಾವಳಿ ಮುಗಿದು ನಮ್ಮ ಬೆಲ್ಲದ ಗಾಣ ಶುರುವಾಗಿದೆ. ಎರಡು ತಿಂಗಳು ನಿನ್ನ ಪತ್ರಕ್ಕೆ ಉತ್ತರ ಬರೆದು ಹರಿದು ಹಾಕಿದೆ. ಇದನ್ನು ಹರಿಯುವ ಮೊದಲು ಅಂಚೆಗೆ ಹಾಕುತ್ತೇನೆ.

ಎರಡು ವರ್ಷದ ಹಿಂದೆ ಇದೇ ಹಂಗಾಮಿನಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ನನ್ನ ಬಲಗೈ ರೋಲರಿನಲ್ಲಿ ಸಿಕ್ಕಿತು. ತೋರುಬೆರಳು, ನಡುಬೆರಳು ಹೋದವು. ಉಳಿದದ್ದು ಚೆನ್ನಾಗಿದೆ. ರೊಟ್ಟಿ ಬಡಿಯುತ್ತೇನೆ, ಹಾಲು ಹಿಂಡುತ್ತೇನೆ. ಬರೆಯುವುದು ಮಾತ್ರ ಎಡಗೈಯಲ್ಲಿ. ತವರಿನವರು ಅಷ್ಟರಲ್ಲಿ ಕುರುಂದವಾಡಕ್ಕೆ ಮನೆ ಬದಲಿಸಿದ್ದರಿಂದ ಇಚಲಕರಂಜಿಗೆ ಸುದ್ದಿ ಮುಟ್ಟಲಿಲ್ಲ. ನಾನೂ ಮುಟ್ಟಿಸಲಿಲ್ಲ.

ಮನೆಯವರು ನನ್ನನ್ನು ಯಾವುದಕ್ಕೂ ತಡೆದವರಲ್ಲ. ಅವರ ಮೇಲೆ ಹಾಗೆ ಸಂಶಯ ಬರುವಂತೆ ಬರೆದದ್ದು ನಾನು. ನಿನ್ನ ಕೆಲಸವೂ ನನಗೆ ಆಟವಲ್ಲ. ನಿನ್ನ ಮೊದಲ ಪತ್ರವನ್ನು ಎಷ್ಟು ಸಲ ಓದಿದೆನೆಂದರೆ, ಮಡಿಕೆಯಲ್ಲಿ ಹರಿದಿದೆ. ಇಲ್ಲಿ ಓಣಿಯವರಿಗೆಲ್ಲ ನಾನು ಕೈ ಹೋದ ಸೊಸೆ. ಮದುವೆ ಮುಂಜಿಯಲ್ಲಿ ಮೊದಲು ಕೈ ನೋಡಿ ಆಮೇಲೆ ಮುಖ ನೋಡುತ್ತಾರೆ. ನಿನ್ನ ಪತ್ರದಲ್ಲಿ ಮಾತ್ರ ನಾನು ಬಿಲ್ಲು ಎಳೆಯುವವಳು. ನಿಜ ಹೇಳಿದರೆ ನೀನು ಚಿತ್ರಕ್ಕೆ ಬೇರೆಯವರನ್ನು ಹುಡುಕುತ್ತೀಯ ಅನ್ನಿಸಿತು. ಹೆದೆ ಗೆಣ್ಣಿನ ಗೆರೆಯಲ್ಲಿ ಕೂರುವ ಬಗೆ ಬರೆದೆನಲ್ಲ, ಆ ಹೊತ್ತಿಗೆ ಇಲ್ಲದ ಬೆರಳಿಗೆ ಆ ಭಾರ ಗೊತ್ತಾಯಿತು.

ಫೋಟೋದಲ್ಲಿರುವುದು ಗೌರವ್ವ. ನಮ್ಮ ಗಾಣದಲ್ಲಿ ಕೆಲಸಕ್ಕೆ ಬರುತ್ತಾಳೆ, ನನ್ನ ಎತ್ತರ. ನನ್ನ ಪ್ಯಾಂಟು ತೊಡಿಸುವಷ್ಟರಲ್ಲೇ ಸಾಕಾಯಿತು. "ಅಯ್ಯ ಇದನ್ನ ಹಾಕ್ಕೊಂಡ ಹೊರಗ ಬರ್ಲೇನ್ರಿ ಅಕ್ಕಾರ? ನನ್ನ ಗಂಡ ಯಮನಪ್ಪ ನೋಡಿದ್ರ ಮನ್ಯಾಗ ಕರ್ಕೊಳ್ಳಂಗಿಲ್ಲ!" ಬಿಲ್ಲು ಕೊಟ್ಟೆ, ಬೆನ್ನಿನಿಂದ ಎಳೆ ಎಂದೆ. "ಕೈ ಇರೂದ ಎಳ್ಯಾಕಲ್ಲೇನ್ರಿ? ಬೆನ್ನ ಏನ್ ಎಳೀತೈತಿ?" ಹೆಗಲು ಇಳಿಸು ಎಂದರೆ ಉಸಿರು ಬಿಗಿ ಹಿಡಿದಳು. ಫೋಟೋ ತೆಗೆದ ಮೇಲೆ, "ಮಾರಿ ಬರ್ಲಿಲ್ಲಲ್ರಿ, ಬೆನ್ನ ತಗಸಾಕ ಇಷ್ಟ ಸಿಂಗಾರ ಯಾಕ ಮಾಡಿದ್ರಿ?" ಎಂದಳು.

ಹಿಂದಿನಿಂದ ತೆಗೆದರೆ ಯಾರೆಂದು ತಿಳಿಯುವುದಿಲ್ಲ ಎಂದುಕೊಂಡೆ. ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ.

ನಿನ್ನ ಚಿತ್ರ ಏನಾಯಿತು? ಧೀರಜನದೇ ಹೋಯಿತೇ?

ನೂತನ

*

ಕೊಲ್ಹಾಪುರ
24 ನವೆಂಬರ್ 2024

ನೂತನಕ್ಕ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಮೊದಲ ದಿನವೇ ಫೋನ್ ಕೈಗೆತ್ತಿಕೊಂಡೆ. ಅದನ್ನಿಟ್ಟು ನಿನ್ನ ಹಳೆಯ ಪತ್ರಗಳನ್ನೆಲ್ಲ ತೆಗೆದೆ. ಕೋಳಿ ಕೆದರಿದ ಹಾಗಿದೆ ಎಂದು ಬರೆದ ಕೈ ನನ್ನದು. ಎಡಗೈಯಲ್ಲಿ ಬರೆದದ್ದೆಂದು ತಿಳಿದು ಈಗ ಓದಿದರೆ, ಪ್ರತಿ ಅಕ್ಷರವೂ ಚೆನ್ನಾಗಿಯೇ ಇದೆ.

ಚಿತ್ರದ ಸಂಗತಿ ಹೇಳುತ್ತೇನೆ. ಮುಖಕ್ಕೆ ಅಡ್ಡ ಬರುವ ಹೆದೆಗೆ ಒಂದು ದಾರಿ ಸಿಕ್ಕಿತು. ಬಾಣ ಬಿಟ್ಟ ಮರುಕ್ಷಣವನ್ನು ಬರೆದೆ. ಹೆದೆ ಮುಖದಿಂದ ಹೋಗಿಬಿಟ್ಟಿರುತ್ತದೆ. ಎಳೆದ ಕೈ ಜಾರಿ ಕಿವಿಯ ಹಿಂದೆ ಬಂದಿರುತ್ತದೆ, ಬೆರಳು ಸಡಿಲ. ಬಿಲ್ಲು ತಾನಾಗಿ ಮುಂದಕ್ಕೆ ವಾಲುತ್ತಿರುತ್ತದೆ, ಮುಷ್ಟಿ ಮಾಡಿಲ್ಲವಲ್ಲ. ಕಣ್ಣು ಮಾತ್ರ ಇನ್ನೂ ಗುರಿಯ ಮೇಲಿದೆ. ಸ್ವಪ್ನಿಲ ಬಹಳ ಹೊತ್ತು ನೋಡಿದರು. "ಬಾಣ ಎಲ್ಲಿ?" ಎಂದರು. "ಹೋಯಿತು" ಎಂದೆ. ಧೀರಜ ಬಿದ್ದು ಬಿದ್ದು ನಕ್ಕ. ಆದರೆ ಆಮೇಲೆ ಅವನೇ ನನ್ನ ಪರ ಮಾತಾಡಿದ. ಚಿತ್ರ ಒಪ್ಪಿಗೆಯಾಯಿತು.

ಹೆಗಲು, ಕುತ್ತಿಗೆ, ನಿಲ್ಲುವ ರೀತಿ ನಿನ್ನದು. ಬೇರೆ ಯಾರನ್ನೂ ಹುಡುಕಲಿಲ್ಲ. ಸಿಟ್ಟಿನಲ್ಲಿದ್ದೆ, ಆದರೂ ಕೈಗೆ ಬಂದದ್ದು ಅದೊಂದೇ. ಮುಖ ನಿನ್ನದಲ್ಲ. ನೋಡದ್ದನ್ನು ಹೇಗೆ ಬರೆಯಲಿ? ಮುಖವನ್ನು ಧೀರಜ ಬರೆದ.

ಈಗ ಹೊಟ್ಟೆ ಉರಿಯುವ ಮಾತು. ಮೊನ್ನೆ ಜಾಹೀರಾತು ಹೊರಬಂತು. ಆಟದ ಹೆಸರು ಬಲಗಡೆ ಬರಬೇಕಾಗಿತ್ತಂತೆ. ಅದಕ್ಕೆ ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿಬಿಟ್ಟಿದ್ದಾರೆ. ನಮ್ಮನ್ನು ಕೇಳಲೂ ಇಲ್ಲ. ಬಲಗೈಯ ಬಿಲ್ಲುಗಾರ್ತಿ ಎಡಚಿಯಾಗಿದ್ದಾಳೆ. ಐದು ತಿಂಗಳು ಒಂದೊಂದು ಬೆರಳನ್ನು ಅಳೆದು ಕೂರಿಸಿದ್ದು ಒಂದೇ ಗುಂಡಿ ಒತ್ತುವುದರಲ್ಲಿ ತಲೆಕೆಳಗಾಯಿತು. ಯಾರಿಗೂ ತಪ್ಪೆಂದು ಕಾಣುವುದೇ ಇಲ್ಲ. ನಾನು ಸ್ವಪ್ನಿಲರ ಜೊತೆ ಜಗಳ ಮಾಡಿದೆ. "ಎಡಗೈಯವರು ಬಾಣ ಬಿಡುವುದಿಲ್ಲವೇನು?" ಎಂದರು. ಎದ್ದು ಬಂದೆ.

ಜಾಹೀರಾತು ಎಲ್ಲರಿಗೂ ಕಾಣುತ್ತಿರುವುದರಿಂದ ಈಗ ನಿನಗೂ ಕಳಿಸಬಹುದು. ದೊಡ್ಡದಾಗಿ ಅಚ್ಚು ಹಾಕಿಸಿ ಸುರುಳಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ನಿನ್ನ ಚಿತ್ರ ಸರಿಯಾಗಿ ಮುಟ್ಟಲಿಲ್ಲ ಎಂಬ ಬೇಸರ ಇದೆ. ಕ್ಷಮಿಸು.

ನಿನ್ನ ಮನಾಲಿ

*

ಗಡಹಿಂಗ್ಲಜ
22 ಡಿಸೆಂಬರ್ 2024

ಮನಾಲಿ,

ಚಿತ್ರ ಬಂತು. ಪಡಸಾಲೆಯಲ್ಲಿ ಬಿಚ್ಚಿ ನಾಲ್ಕು ಮೂಲೆಗೆ ಬೆಲ್ಲದ ಅಚ್ಚು ಇಟ್ಟು ನೋಡಿದೆವು. ಅತ್ತೆ, "ಇಷ್ಟ ಥಂಡ್ಯಾಗ ಈ ರಾಣಿಗಿ ತೋಳಿನ ಅಂಗಿ ಇಲ್ಲೇನು?" ಎಂದರು. ಗೌರವ್ವ ತುಂಬಾ ಹೊತ್ತು ಬಗ್ಗಿ ನೋಡಿ, "ಅಕ್ಕಾರ, ಇದು ನೀವ ಐತ್ರಿ. ಮಾರಿ ಬ್ಯಾರೇ, ನಿಂತಿದ್ದ ನೀವ" ಎಂದಳು. ನಾನು ಬಿಲ್ಲು ಹಿಡಿದದ್ದನ್ನು ಅವಳು ನೋಡಿದವಳೇ ಅಲ್ಲ. ಗಾಣದ ಮುಂದೆ ನಿಂತದ್ದನ್ನಷ್ಟೇ ನೋಡಿದ್ದಾಳೆ.

ಎಲ್ಲರೂ ಎದ್ದು ಹೋದ ಮೇಲೆ ನಾನು ಒಬ್ಬಳೇ ಕೂತು ನೋಡಿದೆ. ನೀನು ತಪ್ಪಾಗಿದೆ ಎಂದು ಬರೆದಿದ್ದೀಯ. ರಾಣಿಯ ಬಲಗೈ ಬಿಲ್ಲಿನ ಕಡೆ ಚಾಚಿದೆ, ಬೆರಳು ಏನನ್ನೂ ಹಿಡಿದಿಲ್ಲ. ಹೆಬ್ಬೆರಳ ಬುಡ ಮಾತ್ರ ದೂಡುತ್ತಿದೆ. ಎಡಗೈ ಕಿವಿಯ ಹಿಂದೆ ಇದೆ. ನಾನು ಎದ್ದು ನನ್ನ ಬಲಗೈಯನ್ನು ಹಾಗೇ ಚಾಚಿದೆ. ಎರಡು ವರ್ಷ ಈ ಕೈ ಇನ್ನು ಹೆದೆ ಎಳೆಯದು ಎಂದು ಅತ್ತಿದ್ದೇನೆ. ದೂಡಬಲ್ಲದೇ ಎಂದು ಒಂದು ದಿನವೂ ಕೇಳಿರಲಿಲ್ಲ.

ಸರ್ ಕೊಟ್ಟ ಬಿದಿರಿನ ಬಿಲ್ಲಿಗೆ ಎಡ ಬಲ ಇಲ್ಲ. ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಕಟ್ಟಿ ಬಿಲ್ಲು ಬೀಳದ ಹಾಗೆ ಮಾಡಿಕೊಂಡೆ. ಮೊದಲ ಬಾಣ ಗೌರವ್ವನ ಎಮ್ಮೆ ಕೊಟ್ಟಿಗೆಯ ತಗಡಿಗೆ ಹೋಗಿ ಢಣ್ ಅಂತು. ಅವಳು ಹೊರಗೆ ಬಂದು, "ಎಮ್ಮಿ ಹಾಲ ಕೊಡೂದ ಬಿಟ್ರ ನಿಮ್ಮ ಬೆನ್ನ ನಾ ಎಳೀತೇನಿ" ಎಂದಳು. ಎಡ ಹೆಗಲಿಗೆ ಬುದ್ಧಿಯೇ ಇಲ್ಲ. ಎಡಗಣ್ಣು ಹೆದೆಯ ಯಾವ ಬದಿಗೆ ನೋಡಬೇಕೋ ತಿಳಿಯದೆ ಒದ್ದಾಡುತ್ತದೆ. ಕಬ್ಬಿನ ಒಣಗರಿಯ, ಅದೇ ರವದಿಯ, ಪೆಂಡಿಯನ್ನು ಹತ್ತಿರ ತಂದು ನಿಲ್ಲಿಸಿ, ಸರ್ ಹೊಸಬರಿಗೆ ಕಲಿಸುವಷ್ಟು ಸಮೀಪದಿಂದ ಮತ್ತೆ ಶುರು ಮಾಡಿದ್ದೇನೆ. ನಿನ್ನೆ ಪೆಂಡಿಗೆ ತಾಗಿದ್ದು ತಾಗದ್ದಕ್ಕಿಂತ ಹೆಚ್ಚು. ಗದ್ದಕ್ಕೆ ಗೆರೆ ಬಿದ್ದಿದೆ. ಅತ್ತೆ ಅರಿಸಿನ ಹಚ್ಚಿದರು.

ಸಂಕ್ರಾಂತಿಗೆ ಬಾ. ನೀನೂ ಬಿಲ್ಲು ಹಿಡಿ, ಎಷ್ಟು ವರ್ಷವಾಗಿದ್ದರೂ ಸರಿ. ಮನೆಯಲ್ಲಿ ಎರಡು ಬಿಲ್ಲು ಇವೆ. ನೀನು ಮೊದಲಿನ ಹಾಗೆ ಎಡ ಭುಜ ಗುರಿಯ ಕಡೆ ಮಾಡಿ ನಿಲ್ಲುತ್ತೀಯ. ನಾನು ಈಗ ಬಲ ಭುಜ ಗುರಿಯ ಕಡೆ ಮಾಡಿ ನಿಲ್ಲಬೇಕು. ಬದುವಿನ ಮೇಲೆ ಎರಡು ಕಲ್ಲಿಟ್ಟು ಇಬ್ಬರ ಜಾಗ ಗುರುತು ಮಾಡಿ ನೋಡಿದೆ. ನನ್ನ ಜಾಗದಲ್ಲಿ ನಿಂತು ಬಿಲ್ಲು ಎತ್ತಿದರೆ, ನೀನು ನಿಲ್ಲುವ ಕಲ್ಲು ನೇರ ನನ್ನ ಕಣ್ಣೆದುರಿಗೆ ಬರುತ್ತದೆ.

ಅದಕ್ಕೆ ಒಂದು ಮಾತು ಈಗಲೇ ಹೇಳಿರುತ್ತೇನೆ. ನಾನು ಹೆದೆ ಎಳೆದಾಗ ನಗಬೇಡ. ನಕ್ಕರೆ ನನಗೆ ಕಾಣುತ್ತದೆ.

ನೂತನಕ್ಕ